ಔಷಧಬುದ್ಧನ ಹೊಟ್ಟೆಯೊಳಗೊಂದು ಚೀಟಿ

“ತಡಿ ಅಜ್ಜಿ, ಮುಚ್ಚಬೇಡ!”

ಸ್ಕೂಲ್ ಬ್ಯಾಗನ್ನೂ ಇಳಿಸದೆ ಮೆಣಸು ಅಜ್ಜಿಯ ಕೆಲಸದ ಕೋಣೆಗೆ ನುಗ್ಗಿದಳು. ಮಾತು ಮಾತಿಗೂ ಚುರುಕ್ ಅನ್ನಿಸುತ್ತಾಳೆಂದು ಮನೆಯವರು ಇಟ್ಟ ಅಡ್ಡಹೆಸರು ಅದು. ಇವತ್ತು ಮಾತ್ರ ಖಾರವೆಲ್ಲ ಇಳಿದುಹೋಗಿತ್ತು.

“ಏನೇ ಇದು, ಕಾಲು ಸುಟ್ಟ ಬೆಕ್ಕಿನ ಹಾಗೆ?” ಅಜ್ಜಿ ಕೈಯಲ್ಲಿದ್ದ ತಾಮ್ರದ ಮುಚ್ಚಳವನ್ನು ಕೆಳಗಿಟ್ಟಳು.

ಅವಳ ಮುಂದೆ ದಿಂಬಿನ ಮೇಲೆ ಔಷಧಬುದ್ಧ ಮಲಗಿದ್ದ. ಮೈಯೆಲ್ಲ ಕಡುನೀಲಿ. ಬಲಗೈಯಲ್ಲಿ ಅಳಲೆಕಾಯಿಯ ಚಿಕ್ಕ ಕೊಂಬೆ, ಮಡಿಲಲ್ಲಿ ಮದ್ದಿನ ಬಟ್ಟಲು. ಕಾಯಿಲೆಯವರಿಗೆ ಇವನನ್ನು ನೋಡಿದರೇ ಅರ್ಧ ಸಮಾಧಾನ ಎನ್ನುತ್ತಿದ್ದಳು ಅಜ್ಜಿ. ನಾಲ್ಕು ತಿಂಗಳು ಕೂತು ಮಾಡಿದ ಮೂರ್ತಿ ನಾಳೆ ಮಕ್ಕಳ ಆಸ್ಪತ್ರೆಗೆ ಹೋಗಬೇಕಿತ್ತು.

ಮೂರ್ತಿಯ ಒಳಗೆಲ್ಲ ಟೊಳ್ಳು. ಒಣಬೇರು, ಕಾಳು, ಒಳ್ಳೆಯ ಮಾತು ಬರೆದ ಚೀಟಿಗಳ ಸುರುಳಿ, ಇವನ್ನೆಲ್ಲ ಒತ್ತೊತ್ತಾಗಿ ತುಂಬಿ ತಳ ಮುಚ್ಚುತ್ತಾರೆ. ಒಮ್ಮೆ ಮುಚ್ಚಿದರೆ ಮತ್ತೆ ತೆಗೆಯುವ ಮಾತೇ ಇಲ್ಲ.

“ಅದ್ರೊಳಗೆ ನನ್ನ ಚೀಟಿ ಒಂದಿದೆ ಅಜ್ಜಿ.”

“ಒಂದೇನು, ಭಾನುವಾರ ನಲವತ್ತು ಸುತ್ತಿಕೊಟ್ಟಿದ್ದೀಯ.”

“ಅದಲ್ಲ. ನಾನೇ ಬರೆದಿದ್ದು. ನೀನು ಬಣ್ಣ ಅರೀತಿದ್ದಾಗ ತುರುಕಿಬಿಟ್ಟೆ.”

ಮೆಣಸು ಅಳತೊಡಗಿದಳು. ಶನಿವಾರ ಪ್ರಾಕ್ಟೀಸ್ ಓಟದಲ್ಲಿ ಎಲ್ಲರೂ ಜಿಂಕೆ ಎಂದೇ ಕರೆಯುವ ಅವಳ ಕ್ಲಾಸಿನ ಹುಡುಗಿ ಮತ್ತೆ ಅವಳನ್ನು ಹಿಂದೆ ಹಾಕಿದ್ದಳು. ಸಾಲದ್ದಕ್ಕೆ “ಬಾ ಆಮೆ, ಬಾ” ಅಂತ ನಕ್ಕಿದ್ದಳು. ಮೆಣಸಿಗೆ ಸಿಟ್ಟು ನೆತ್ತಿಗೇರಿತ್ತು. ‘ಜಿಂಕೆಗೆ ಜ್ವರ ಬರಲಿ. ಓಟದಲ್ಲಿ ನಾನೇ ಫಸ್ಟ್ ಬರಲಿ’ ಎಂದು ಬರೆದು, ಜಡೆಯ ಕೆಂಪು ರಬ್ಬರ್‌ಬ್ಯಾಂಡ್ ಸುತ್ತಿ ಮೂರ್ತಿಯೊಳಗೆ ಇಟ್ಟಿದ್ದಳು.

ಸೋಮವಾರದಿಂದ ಜಿಂಕೆ ಸ್ಕೂಲಿಗೇ ಬಂದಿಲ್ಲ. ಜೋರು ಜ್ವರವಂತೆ ಎಂದು ಇವತ್ತು ಟೀಚರ್ ಹೇಳಿದ್ದರು.

ಅಳುತ್ತಲೇ ಅವಳು ಮೂರ್ತಿಗೆ ಕೈ ಚಾಚಿದಳು.

“ಒದ್ದೆ ಕೈಯಲ್ಲಿ ಮುಟ್ಟಬೇಡ, ಬಣ್ಣ ಏಳುತ್ತೆ. ಮೊದಲು ಕಣ್ಣು ಒರೆಸ್ಕೋ” ಎಂದಳು ಅಜ್ಜಿ.

ಆಮೇಲೆ ಅವಳೇ ಸುರುಳಿಗಳನ್ನು ಒಂದೊಂದಾಗಿ ಹೊರಗೆಳೆದಳು. ಇಡೀ ಮಧ್ಯಾಹ್ನದ ಕೆಲಸ ಬಟ್ಟೆಯ ಮೇಲೆ ಹರಡಿತು. ಕೊನೆಗೆ ಕೆಂಪು ರಬ್ಬರ್‌ಬ್ಯಾಂಡ್ ಸಿಕ್ಕಿತು.

“ಓದ್ತೀಯಾ?” ಎಂದಳು ಮೆಣಸು.

“ನಿನ್ನ ಚೀಟಿ ನಾನ್ಯಾಕೆ ಓದ್ಲಿ? ತಗೋ.”

ಮೆಣಸು ಅದನ್ನು ಮುಷ್ಟಿಯಲ್ಲಿ ಮುದುರಿಕೊಂಡಳು. “ಜಿಂಕೆಗೆ ಜ್ವರ ಬಂದಿದ್ದು ಇದ್ರಿಂದ್ಲಾ ಅಜ್ಜಿ?”

“ಅರ್ಧ ಊರಿಗೇ ಜ್ವರ ಬಂದಿದೆ. ಅವ್ರಿಗೆಲ್ಲ ಚೀಟಿ ಬರೆಯೋಕೆ ನಿನಗೆಲ್ಲಿತ್ತು ಪುರುಸೊತ್ತು?”

ಅಳುವಿನ ನಡುವೆಯೇ ಮೆಣಸಿಗೆ ನಗು ಬಂತು. “ಮತ್ತೆ ಯಾಕೆ ಎಲ್ಲ ತೆಗೆದೆ?”

“ನೀನು ಕೇಳಿದ್ಯಲ್ಲ, ಅದಕ್ಕೆ.”

ಇಬ್ಬರೂ ಸೇರಿ ಮತ್ತೆ ತುಂಬಿದರು. ಅಜ್ಜಿ ಮೂರ್ತಿಯನ್ನು ಮೊಮ್ಮಗಳ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಳು. ಲೊಡಕ್ ಲೊಡಕ್.

“ಒಂದು ಸುರುಳಿ ಕಮ್ಮಿ. ಹೀಗೇ ಬಿಟ್ರೆ ಒಳಗಿನದೆಲ್ಲ ಪುಡಿಯಾಗುತ್ತೆ” ಎಂದು ಅಜ್ಜಿ ಒಂದು ಖಾಲಿ ಚೀಟಿಯನ್ನು ಅವಳ ಕಡೆ ತಳ್ಳಿದಳು.

‘ಜಿಂಕೆ ಹುಷಾರಾಗಲಿ’ ಎಂದು ಬರೆದಳು ಮೆಣಸು. ಬರೆದವಳು ಪೆನ್ನಿನ ತುದಿ ಕಚ್ಚುತ್ತಾ ಕೂತಳು. ಓಟ ಇರುವುದು ಶುಕ್ರವಾರ. ಜಿಂಕೆ ಶನಿವಾರ ಹುಷಾರಾದರೂ ಹುಷಾರಾದಂತೆಯೇ ತಾನೇ? ಆಗ ಫಸ್ಟ್ ಪ್ರೈಜ್ ಯಾರಿಗೆಂದು ಬೇರೆ ಹೇಳಬೇಕಿಲ್ಲ.

ಅಜ್ಜಿ ಮೆತ್ತನೆಯ ಕುಂಚದಿಂದ ಬಟ್ಟಲಿನ ಧೂಳು ತೆಗೆಯುತ್ತಿದ್ದಳು. ಅವಸರ ಮಾಡಲಿಲ್ಲ.

ಮೆಣಸು ದೊಡ್ಡದೊಂದು ಉಸಿರು ಬಿಟ್ಟಳು. ಎರಡು ಪದಗಳ ನಡುವೆ, ಮೇಲುಗಡೆ, ಸಣ್ಣ ಅಕ್ಷರದಲ್ಲಿ ‘ಶುಕ್ರವಾರದೊಳಗೆ’ ಎಂದು ಸೇರಿಸಿದಳು. ಬಿಗಿಯಾಗಿ ಸುತ್ತಿ ತಾನೇ ಒಳಗೆ ಒತ್ತಿದಳು.

ಅಜ್ಜಿ ಮತ್ತೆ ಅಲ್ಲಾಡಿಸಿದಳು. ಮೆಣಸು ಕಣ್ಣು ಮುಚ್ಚಿ ಕೇಳಿದಳು. ಒಂದಿಷ್ಟೂ ಸದ್ದಿಲ್ಲ.

“ಈಗ ಮುಚ್ಚಲಾ?”

“ಹ್ಞೂಂ, ಮುಚ್ಚಜ್ಜಿ.”