ಕೆಂಪು ಶಾಯಿಯಲ್ಲಿ ಅವಳ ಹೆಸರು

“ಈ ಹದಿನೇಳನೇ ಅರ್ಥ ಹೊಡೆದುಹಾಕಿದ್ದು ಯಾರು?”

ಕರಡು ಹಾಳೆ ಹಿಡಿದು ಸು ಪೇಯಿ ಬಾಗಿಲಲ್ಲೇ ನಿಂತಳು. ವುಹಾನ್‌ನ ಆ ನಿಘಂಟು ಕಚೇರಿಯಲ್ಲಿ, ‘ಗೆಟ್’ ಎಂಬ ಒಂದೇ ಒಂದು ಇಂಗ್ಲಿಷ್ ಪದಕ್ಕಾಗಿ ಅವಳು ನಾಲ್ಕು ತಿಂಗಳಿಂದ ತಲೆ ಕೆಡಿಸಿಕೊಂಡಿದ್ದಳು.

ಕರಡು ತಿದ್ದಲು ಹೊಸದಾಗಿ ಬಂದಿದ್ದ ಗೂ ಹಾವ್ ನೂಡಲ್ಸ್ ಬಟ್ಟಲಿನಿಂದ ತಲೆ ಎತ್ತಿದ.

“ನಾನೇ, ಸು ಮೇಡಂ. ಬಸ್ಸು ಹತ್ತೋಕೆ, ನೆಗಡಿ ಹಿಡಿಯೋಕೆ, ಮದುವೆ ಆಗೋಕೆ, ಎಲ್ಲಕ್ಕೂ ಅದೇ ಪದ. ಮಕ್ಕಳು ಬಾಯಿಪಾಠ ಮಾಡಿ ಸಾಯ್ಬೇಕಾ?”

“ಹೇಳಿದ್ದು ಅರ್ಥ ಆಯ್ತು ಅನ್ನೋಕೂ ಅದೇ ಪದ, ಗೂ ಮೇಷ್ಟ್ರೇ. ನೀವು ಹೊಡೆದಿದ್ದು ಅದನ್ನೇ. ನಿಮಗೆ ಅದರ ಅಭ್ಯಾಸ ಇದ್ದಂತಿಲ್ಲ.”

ಅವನು ನಕ್ಕು, ಹೊಡೆದುಹಾಕಿದ್ದ ಸಾಲಿನ ಅಡಿಯಲ್ಲಿ ಪುಟ್ಟ ತ್ರಿಕೋನಗಳನ್ನು ಬರೆದ. ತೆಗೆಯಬೇಡಿ, ಇರಲಿ ಎಂಬ ಗುರುತು.

ಅಂದು ಶುರುವಾದ ಜಗಳ ಇಡೀ ಚಳಿಗಾಲ ನಡೆಯಿತು. ಜಗಳವಿಲ್ಲದ ದಿನ ಅವಳಿಗೆ ಊಟ ರುಚಿಸುತ್ತಿರಲಿಲ್ಲ. ‘ಇದೇನು ಗ್ರಹಚಾರ...’ ಎಂದು ತನ್ನ ಮೇಲೇ ಸಿಡುಕುತ್ತಿದ್ದಳು.

ವಸಂತದಲ್ಲಿ ಅವಳಿಗೆ ಬೀಜಿಂಗ್ ಕಚೇರಿಯಿಂದ ಕೆಲಸದ ಕರೆ ಬಂತು. ಶುಕ್ರವಾರದೊಳಗೆ ಒಪ್ಪಿಗೆ ಪತ್ರ ಕೊಡಬೇಕು. ಅವನಿಗೆ ಹೋಗುವ ಕರಡಿನ ನಡುವೆ ಅವಳೊಂದು ಚೀಟಿ ಇಟ್ಟಳು: ‘ಬೀಜಿಂಗ್‌ಗೆ ಹೋಗಲೇ? ನೀವೇ ಹೇಳಿ.’

ಗುರುವಾರ ಉತ್ತರ ಬಂತು. ಮಡಚಿದ ಚೀಟಿಯ ಮೇಲೆ ಅವಳ ಹೆಸರು... ಕೆಂಪು ಶಾಯಿಯಲ್ಲಿ.

ಅವರ ಕಡೆ ಅದು ಅಪಶಕುನ. ಬದುಕಿರುವವರ ಹೆಸರನ್ನು ಯಾರಾದರೂ ಕೆಂಪಿನಲ್ಲಿ ಬರೆಯುತ್ತಾರೆಯೇ? ಸಂಬಂಧ ಕಡಿದುಕೊಳ್ಳುವವರು ಮಾತ್ರ. ಬಿಚ್ಚಿ ಓದುವ ಧೈರ್ಯ ಬರಲಿಲ್ಲ. ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿ ಎದ್ದಳು.

ಬಾಗಿಲಲ್ಲಿ ಗೂ ಹಾವ್ ಎದುರಾದ. “ಓದಿದ್ರಾ?”

“ಮೇಲಿನ ಹೆಸರೇ ಸಾಕಾಯ್ತು. ಬೇಡ ಅನ್ನೋದನ್ನ ಬಾಯಲ್ಲೇ ಹೇಳಬಹುದಿತ್ತು. ಕೆಂಪಲ್ಲಿ ಬರೀಬೇಕಿತ್ತಾ?”

ಅವನು ಜೇಬು ನೋಡಿಕೊಂಡ. ಮೂರು ಪೆನ್ನು, ಮೂರೂ ಕೆಂಪು.

“ದಿನವಿಡೀ ಇದರಲ್ಲೇ ತಿದ್ದೋದು... ಕೈ ತಾನಾಗೇ ಬರೆದುಬಿಡ್ತು. ನಮ್ಮಜ್ಜಿ ನೋಡಿದ್ರೆ ಕಪಾಳಕ್ಕೆ ಹೊಡೀತಿದ್ರು.”

“ಅವರ ಬದಲು ನಾನೇ ಹೊಡೀಲಾ?”

“ಹೊಡೀರಿ. ಮೊದಲು ನಿಮ್ಮ ಕಪ್ಪು ಪೆನ್ನು ಕೊಡಿ.”

ಅವಳ ಕೈಯಲ್ಲಿದ್ದ ಚೀಟಿ ತೆಗೆದುಕೊಂಡು, ಬಿಚ್ಚಿ ಅವಳ ಮುಂದೆ ಹಿಡಿದ. ‘ಹೋಗಬೇಡಿ. ನಿಮ್ಮ ಜೊತೆ ಜಗಳವಾಡದೆ ನನಗೆ ದಿನ ಹೋಗಲ್ಲ.’ ಅದರ ಕೆಳಗೆ ಅವಳ ಹೆಸರಿನ ಎರಡೂ ಚೀನೀ ಅಕ್ಷರಗಳನ್ನು ಕಪ್ಪಿನಲ್ಲಿ, ನಿಧಾನವಾಗಿ ಬರೆದ. ಒಂದೊಂದರ ಅಡಿಯಲ್ಲೂ ಒಂದು ಪುಟ್ಟ ತ್ರಿಕೋನ.

ಅವಳು ಒಪ್ಪಿಗೆ ಪತ್ರವನ್ನು ನಾಲ್ಕಾಗಿ ಹರಿದಳು. “ನಿಮ್ಮ ಕೈಗೆ ಬಿಟ್ಟುಹೋದ್ರೆ ನಿಘಂಟು ಹಾಳಾಗುತ್ತೆ.”

“ನಿಘಂಟಿಗೋಸ್ಕರ ಮಾತ್ರಾನಾ?”

“ಇನ್ನೂ ಅರ್ಥ ಆಗ್ಲಿಲ್ವಾ?” ಅವಳು ತನ್ನ ಪೆನ್ನನ್ನು ಅವನ ಜೇಬಿಗೇ ಸಿಕ್ಕಿಸಿದಳು. “ಕೂತು ಹದಿನೇಳನೇದು ಓದಿ, ಗೂ ಮೇಷ್ಟ್ರೇ.”