ಗೇಟಿನ ಹತ್ತಿರ ಅಪ್ಪನ ಬಲಗಾಲು

"ಯೋವ್, ಎಲ್ಲಾರುಂ ಒರು ಪಕ್ಕಂ, ನೀ ಒರು ಪಕ್ಕಮಾ?"

ದಪ್ಪ ಮೀಸೆಯವನೊಬ್ಬ ವಿನೋದಾಳ ಅಪ್ಪನ ಮೇಲೆ ರೇಗಿದ. ಎಲ್ಲರೂ ಒಂದು ಕಡೆ ವಾಲಿದರೆ ನೀನೊಬ್ಬ ಮಾತ್ರ ಇನ್ನೊಂದು ಕಡೆಯೇನಯ್ಯಾ ಅಂತ. ಅಪ್ಪನ ಹ್ಯಾಂಡಲ್ ಅವನ ಹ್ಯಾಂಡಲಿಗೆ ತಗಲಿ, ಅವನ ಬೆಲ್ಲು ತಾನಾಗಿಯೇ ಟ್ರಿಂಗ್ ಅಂದಿತ್ತು.

"ಸಾರಿ ಸಾರ್," ಅಂದರು ಅಪ್ಪ. ಅಷ್ಟು ಅಂದು ನಕ್ಕರೇ ಹೊರತು ನೆಲಕ್ಕೂರಿದ್ದ ಬಲಗಾಲನ್ನು ತೆಗೆಯಲಿಲ್ಲ.

ಆಗ ಮದ್ರಾಸು ಇನ್ನೂ ಮದ್ರಾಸೇ. ಪೆರಂಬೂರಿನಲ್ಲಿ ಬೆಳಿಗ್ಗೆ ರೈಲ್ವೇ ಗೇಟು ಬಿತ್ತು ಅಂದರೆ ಅದನ್ನು ನೋಡಬೇಕಿತ್ತು ನೀವು. ವರ್ಕ್‌ಶಾಪಿಗೆ ಹೊರಟ ಸೈಕಲ್ಲುಗಳು ಇನ್ನೂರೋ ಮುನ್ನೂರೋ, ಎಣಿಸಿದವರು ಯಾರು? ರೈಲು ಹೋಗುವ ತನಕ ಅಷ್ಟೂ ಜನ ಅಲ್ಲೇ ನಿಲ್ಲಬೇಕು. ನಿಲ್ಲುವುದರಲ್ಲೂ ಒಬ್ಬೊಬ್ಬರದು ಒಂದೊಂದು ವರಸೆ. ಒಬ್ಬ ಗೇಟಿನ ಕಂಬಕ್ಕೆ ಕಾಲು ಕೊಟ್ಟು ನಿಲ್ಲುತ್ತಿದ್ದ. ಇನ್ನೊಬ್ಬ ನೆಲ ಮುಟ್ಟುವುದೇ ಅವಮಾನ ಅನ್ನುವ ಹಾಗೆ ಪಕ್ಕದವನ ಹೆಗಲು ಹಿಡಿದು ಸೀಟಿನ ಮೇಲೇ ಕೂತಿರುತ್ತಿದ್ದ. ಉಳಿದವರೆಲ್ಲ ಎಡಗಾಲೂರಿ ಎಡಕ್ಕೆ ವಾಲುತ್ತಿದ್ದರು. ಬಲಗಾಲೂರುತ್ತಿದ್ದವರು ಇಡೀ ಗೇಟಿಗೆ ಒಬ್ಬರೇ, ಫಿಟ್ಟರ್ ನಂಜುಂಡ, ಅಂದರೆ ನಮ್ಮ ವಿನೋದಾಳ ಅಪ್ಪ.

ವಿನೋದಾ ಈಗ ಆರನೇ ಕ್ಲಾಸು. ಹೊಸ ಸ್ಕೂಲು ಗೇಟಿನ ಆಚೆ. ಅಪ್ಪನ ಸ್ನೇಹಿತರಾದ ಕಾಂತಪ್ಪ ಮಾಮ ತಮ್ಮ ಮಗಳ ಹಳೇ ಲೇಡೀಸ್ ಸೈಕಲನ್ನು ಅವಳಿಗೆ ಕೊಟ್ಟಿದ್ದರು. "ಇನ್ಮೇಲೆ ನಾವಿಬ್ಬರೂ ಜೋಡಿ," ಅಂತ ಅಪ್ಪ ಇಡೀ ಬೇಸಿಗೆ ರಜ ಹೇಳಿಕೊಂಡು ಓಡಾಡಿದ್ದರು. ಇವತ್ತೇ ಮೊದಲ ದಿನ.

ಪಕ್ಕದಲ್ಲಿ, ಹಳೇ ಸ್ಕೂಲಿನಿಂದಲೂ ಅವಳ ಕ್ಲಾಸಿನವಳೇ ಆದ ಸೆಲ್ವಿ ತನ್ನ ಸೈಕಲ್ ನಿಲ್ಲಿಸಿಕೊಂಡಿದ್ದಳು. ಅಪ್ಪನನ್ನು ನೋಡಿ ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು.

"ಎನ್ನಡಿ, ಉಂಗಪ್ಪಾ ಆಪೋಸಿಟ್ ಪಾರ್ಟಿಯಾ?"

ವಿನೋದಾಳ ಕಿವಿ ಬಿಸಿಯಾಯಿತು. ಗೇಟು ತೆಗೆಯುತ್ತಲೇ ಅಪ್ಪನಿಗೂ ಕಾಯದೆ ಪೆಡಲ್ ತುಳಿದಳು.

ಸಂಜೆ ಅಪ್ಪ ಕ್ವಾರ್ಟರ್ಸ್ ಮುಂದೆ ಕೂತು ಸೈಕಲ್ ಚೈನಿಗೆ ಎಣ್ಣೆ ಬಿಡುತ್ತಿದ್ದರು.

"ಅಪ್ಪಾ, ನೀನು ಯಾಕೆ ಬಲಗಾಲು ಇಡ್ತೀಯಾ?"

"ಅಯ್ಯೋ, ಅದೇನೋ ಅಭ್ಯಾಸ ಆಗೋಯ್ತಮ್ಮ."

"ಎಲ್ರೂ ನಗ್ತಾರೆ. ಸೆಲ್ವಿನೂ ನಕ್ಕಳು. ನಾಳೆಯಿಂದ ಎಲ್ರ ಥರ ಎಡಗಾಲಿಡು. ಇಲ್ಲಾಂದ್ರೆ ನಾನು ಸೆಲ್ವಿ ಜೊತೇಲೇ ಹೋಗ್ತೀನಿ. ನೀನು ಬೇರೆ ಬಾ."

ಎಣ್ಣೆ ಬಿಡುತ್ತಿದ್ದ ಕೈ ನಿಂತಿತು. ಅಪ್ಪ ಮಗಳ ಮುಖವನ್ನೊಮ್ಮೆ ನೋಡಿದರು. ಆ ನೋಟ ಅವಳಿಗೆ ಯಾಕೋ ಸರಿ ಬರಲಿಲ್ಲ.

"ಆಯ್ತು ಬಿಡು. ಅದೇನು ಮಹಾ," ಅಂದರು.

ಆಮೇಲೆ ನಡೆದದ್ದು ಏನು ಗೊತ್ತೇ? ಲುಂಗಿ ಎತ್ತಿ ಕಟ್ಟಿಕೊಂಡು, ಬೇವಿನಮರದ ಸುತ್ತ ಸೈಕಲ್ ಹೊಡೆದು, ನಿಲ್ಲಿಸಿ ಎಡಗಾಲು ಊರುವುದನ್ನು ಪ್ರಾಕ್ಟೀಸ್ ಮಾಡಿದರು. ನಲವತ್ತು ದಾಟಿದ ಮನುಷ್ಯ! ಬ್ರೇಕ್ ಹಿಡಿಯುತ್ತಲೂ ಬಲಗಾಲೇ ಇಳಿದುಬಿಡುತ್ತಿತ್ತು. "ಎತ್ತು ಏರಿಗೆಳೆದರೆ ಕೋಣ ನೀರಿಗೆಳೀತಂತೆ," ಅಂತ ಅಮ್ಮ ಬಾಗಿಲಲ್ಲಿ ನಿಂತು ನಕ್ಕೂ ನಕ್ಕೂ ಸೆರಗಿನಲ್ಲಿ ಕಣ್ಣೊರೆಸಿಕೊಂಡರು.

ಮಾರನೇ ದಿನ ಮತ್ತೆ ಗೇಟು ಬಿತ್ತು. ವಿನೋದಾ, ಸೆಲ್ವಿ ಮುಂದೆ ಬಂದು ನಿಂತಿದ್ದರು. ಅಪ್ಪ ಹಿಂದಿನಿಂದ ಬಂದರು. ಬ್ರೇಕ್ ಹಿಡಿದರು. ಬಲಗಾಲು ಇಳಿಯಲು ಹೋಯಿತು. ಮಗಳ ಮಾತು ನೆನಪಾಯಿತೋ ಏನೋ, ಅದನ್ನು ಮೇಲಕ್ಕೆಳೆದುಕೊಂಡು ಸೈಕಲನ್ನು ಎಡಕ್ಕೆ ವಾಲಿಸಿದರು. ಆದರೆ ಎಡಗಾಲು ಪೆಡಲ್ ಬಿಟ್ಟು ಏಳಲೇ ಇಲ್ಲ.

ದಢಾರ್!

ಟಿಫನ್ ಕ್ಯಾರಿಯರ್ ಬಾಯಿ ಬಿಟ್ಟುಕೊಂಡು, ಮೊಸರನ್ನ ರಸ್ತೆಯ ಪಾಲಾಯಿತು. ಸುತ್ತಲಿದ್ದವರು ಗೊಳ್ಳೆಂದು ನಕ್ಕರು. ಸೆಲ್ವಿ ತಿರುಗಿ ನೋಡಿ, "ಅಯ್ಯೋ, ಯಾರಡಿ ಅದು?" ಅಂದಳು.

ವಿನೋದಾ ತಿರುಗಲಿಲ್ಲ. ಗೊತ್ತಿದ್ದೂ ತಿರುಗಲಿಲ್ಲ. ಗೇಟಿನ ಕೆಂಪು ಬಣ್ಣವನ್ನೇ ನೋಡುತ್ತಾ ನಿಂತಳು. ಒಂದೇ ಒಂದು ನಿಮಿಷ ಇರಬಹುದು, ಅಷ್ಟೆ. ಆಮೇಲೆ ತಡೆಯಲಾಗಲಿಲ್ಲ. ಸೈಕಲನ್ನು ಸೆಲ್ವಿಯ ಕೈಗೆ ಕೊಟ್ಟು, ಜನರ ನಡುವೆ ನುಸುಳಿಕೊಂಡು ಹಿಂದಕ್ಕೆ ಓಡಿದಳು.

ಅಷ್ಟರಲ್ಲಿ ಕಾಂತಪ್ಪ ಮಾಮ ಅಪ್ಪನನ್ನು ಎಬ್ಬಿಸಿದ್ದರು. ಮೊಣಕೈ ತರಚಿತ್ತು. "ಏನೂ ಆಗಿಲ್ಲ," ಅನ್ನುತ್ತಾ ಅಪ್ಪ ಗೇಟ್‌ಮನ್ ಕೋಣೆಯ ಹತ್ತಿರದ ನಲ್ಲಿಯ ಕಡೆ ಹೋದರು. ಮಾಮ ಅಪ್ಪನ ಸೈಕಲ್ ಹಿಡಿದುಕೊಂಡು ನಿಂತಿದ್ದರು.

"ನಿನ್ನ ಅಪ್ಪನಿಗೆ ಎಡಗಾಲು ಇಡುವ ಹುಚ್ಚು ಎಲ್ಲಿಂದ ಹಿಡಿಯಿತು ಮಾರಾಯ್ತಿ?" ಅಂದರು. ಮಾಮ ಮಂಗಳೂರಿನ ಕಡೆಯವರು. ಮದ್ರಾಸಿಗೆ ಬಂದು ಇಪ್ಪತ್ತು ವರ್ಷವಾದರೂ ಮಾತು ಮಾತ್ರ ಊರಿನದೇ.

"ನಾನೇ ಹೇಳಿದ್ದು ಮಾಮ," ಅಂದಳು ವಿನೋದಾ.

ಮಾಮ ಅವಳ ಎಡಗಾಲನ್ನು ತೋರಿಸಿದರು. ಚಪ್ಪಲಿಯ ಮೇಲೆ ಹಿಮ್ಮಡಿಯಲ್ಲಿ ಅರ್ಧಚಂದ್ರದ ಹಾಗೆ ಬಿಳೀ ಕಲೆ.

"ಅದು ಹೇಗೆ ಆದದ್ದು ಗೊತ್ತುಂಟಾ?"

"ಚಿಕ್ಕವಳಿದ್ದಾಗ ಹಿಂದಿನ ಚಕ್ರದ ಕಡ್ಡಿಗೆ ಕಾಲು ಕೊಟ್ಟಿದ್ದೆನಂತೆ. ಅಮ್ಮ ಹೇಳಿದ್ದಾರೆ."

"ಹ್ಞೂಂ. ಆಗ ನಿನಗೆ ಮೂರು ವರ್ಷ. ಎರಡು ತಿಂಗಳು ದಿನಾ ಡ್ರೆಸಿಂಗ್, ಗೇಟಿನ ಆಚೆಯ ಆಸ್ಪತ್ರೆಯಲ್ಲಿ. ಮತ್ತೆ ಕ್ಯಾರಿಯರಿನ ಮೇಲೆ ಕೂರಿಸಲು ನಿನ್ನ ಅಪ್ಪನಿಗೆ ಧೈರ್ಯ ಬರಲಿಲ್ಲ. ಸೈಕಲ್ ಬಾರಿಗೆ ಟವೆಲ್ ಸುತ್ತಿ, ನಿನ್ನನ್ನು ಇಲ್ಲಿ ಮುಂದೆ ಕೂರಿಸಿಕೊಳ್ಳುತ್ತಿದ್ದ. ಎರಡೂ ಕಾಲು ಈ ಎಡಗಡೆಗೆ." ಮಾಮ ಬಾರನ್ನು ತಟ್ಟಿ ತೋರಿಸಿದರು. "ಮೊದಲನೇ ದಿನ ಗೇಟು ಬಿತ್ತು. ಎಲ್ಲರ ಹಾಗೆ ಎಡಗಾಲು ಇಳಿಸಿದ. ಅವನ ಮೊಣಕಾಲು ನಿನ್ನ ಬ್ಯಾಂಡೇಜಿಗೆ ತಾಗಿತು. ನೀನು ಕೂಗಿದ ಕೂಗಿಗೆ ಗೇಟ್‌ಮನ್ ಕೂಡ ಹೊರಗೆ ಬಂದ."

ವಿನೋದಾಳಿಗೆ ಅದೊಂದೂ ನೆನಪಿರಲಿಲ್ಲ. ಟವೆಲ್ ಮಾತ್ರ ಎಲ್ಲೋ ಮಸುಕಾಗಿ, ಮೆತ್ತಗೆ, ನೆನಪಾದ ಹಾಗಾಯಿತು.

"ಮರುದಿನದಿಂದ ಎಡಗಾಲು ಪೆಡಲಿನ ಮೇಲೆ ಅಲ್ಲಾಡದೆ ಇರುತ್ತಿತ್ತು. ಬಲಗಾಲು ಕೆಳಗೆ. ನಾನೇ ಎಷ್ಟು ಸಲ ತಮಾಷೆ ಮಾಡಿದ್ದೇನೆ. ನಿನ್ನ ಗಾಯ ಒಣಗಿತು, ನೀನು ದೊಡ್ಡವಳಾದಿ. ಆದರೆ ಕಾಲಿಗೆ ಅದೆಲ್ಲ ಗೊತ್ತಾಗುವುದು ಹೇಗೆ?"

ಅಪ್ಪ ಮೊಣಕೈಗೆ ಕರ್ಚೀಫ್ ಸುತ್ತಿಕೊಂಡು ಬಂದರು. ಮಗಳನ್ನು ನೋಡಿ ತಪ್ಪು ಮಾಡಿದವರ ಹಾಗೆ ನಕ್ಕರು.

"ನಾಳೆ ಸರಿಯಾಗಿ ಇಡ್ತೀನಿ ಕಣಮ್ಮ. ಇನ್ನೊಂದು ಸ್ವಲ್ಪ ಪ್ರಾಕ್ಟೀಸ್ ಬೇಕು."

ವಿನೋದಾ ಬ್ಯಾಗಿನಿಂದ ತನ್ನ ಟಿಫನ್ ಬಾಕ್ಸ್ ತೆಗೆದು ಅಪ್ಪನ ಹ್ಯಾಂಡಲಿಗೆ ತೂಗುಹಾಕಿದ್ದ ಚೀಲದೊಳಗೆ ತುರುಕಿದಳು. "ನಾನು ಸೆಲ್ವಿ ಹತ್ರ ಶೇರ್ ಮಾಡ್ಕೊತೀನಿ," ಅಂದು, ಅಪ್ಪ ಬೇಡ ಅನ್ನುವ ಮೊದಲೇ ಓಡಿದಳು.

ಮೂರನೇ ದಿನ. ಗೇಟು ಮತ್ತೆ ಬಿತ್ತು. ಗೂಡ್ಸ್ ಗಾಡಿ, ಬೇಗ ಮುಗಿಯುವಂಥದ್ದಲ್ಲ. ಅಪ್ಪ ಬ್ರೇಕ್ ಹಿಡಿದು, ಹುಬ್ಬು ಗಂಟಿಕ್ಕಿಕೊಂಡು, ಯಾವ ಕಾಲು ಅಂತ ಲೆಕ್ಕ ಹಾಕುತ್ತಿದ್ದರು.

"ಅಪ್ಪಾ, ಬಲಗಾಲೇ ಇಡು," ಅಂದಳು ವಿನೋದಾ.

"ಏನಮ್ಮಾ?"

"ನಿನಗೆ ಹೇಗೆ ಬರುತ್ತೋ ಹಾಗೇ ಇಡಪ್ಪಾ."

ಅಪ್ಪನ ಬಲಗಾಲು ತಾನಾಗಿ ನೆಲಕ್ಕೆ ಇಳಿಯಿತು. ಎಡಗಾಲು ಪೆಡಲಿನ ಮೇಲೆ ಹಾಗೇ ಇತ್ತು. ಬಾರಿನ ಮೇಲೆ ಯಾರೂ ಇರಲಿಲ್ಲ. ಆದರೂ ಆ ಮೊಣಕಾಲು ಯಾರಿಗೋ ತಗಲೀತು ಅನ್ನುವ ಹಾಗೆ ದೂರವೇ ನಿಂತಿತ್ತು. ವಿನೋದಾ ಅದನ್ನೇ ನೋಡಿದಳು.

ಮುಂದೆ ನಿಂತಿದ್ದ ಸೆಲ್ವಿ ಕೈಬೀಸಿ ಕರೆದಳು. "ಇಂಗ ವಾಡಿ!"

"ನೀನೇ ಇಲ್ಲಿ ಬಾ," ಅಂದಳು ವಿನೋದಾ, ಕನ್ನಡದಲ್ಲೇ.

ಮೊದಲ ದಿನದ ಹಾಗೇ ಅವಳು ನಿಂತಿದ್ದದ್ದು ಅಪ್ಪನ ಎಡಗಡೆಗೆ. ಈಗ ಇಳಿದು, ಸೈಕಲನ್ನು ಹಿಂದಿನಿಂದ ತಳ್ಳಿಕೊಂಡು ಬಂದು, ಇವತ್ತೂ ಅಪ್ಪನ ಬಲಗಡೆಗೇ ನಿಂತಿದ್ದ ಆ ಮೀಸೆಯವನು "ಏಯ್, ಏಯ್" ಅನ್ನುತ್ತಿದ್ದರೂ ಕೇಳದೆ ಅವನಿಗೂ ಅಪ್ಪನಿಗೂ ನಡುವೆ ತೂರಿದಳು. ಸೀಟಿನ ಮೇಲೆ ಕೂತು ಎಡಗಾಲೂರಿದಳು.

ಅಪ್ಪ ಬಲಕ್ಕೆ ವಾಲಿದ್ದರು. ಅವಳು ಎಡಕ್ಕೆ ವಾಲಿದಳು. ಎರಡು ಸೈಕಲ್ಲುಗಳ ನಡುವೆ, ಟಾರು ರಸ್ತೆಯ ಮೇಲೆ, ಅಪ್ಪನ ದೊಡ್ಡ ಚಪ್ಪಲಿಯ ಪಕ್ಕದಲ್ಲಿ ಬಿಳೀ ಕಲೆಯ ಪುಟ್ಟ ಹಿಮ್ಮಡಿ ಬಂದು ಕೂತಿತು.

ಹ್ಯಾಂಡಲಿಗೆ ಹ್ಯಾಂಡಲ್ ತಗಲಿ ಅವಳ ಬೆಲ್ಲು ಟ್ರಿಂಗ್ ಅಂದಿತು. ಇಬ್ಬರೂ ಸಾರಿ ಅನ್ನಲಿಲ್ಲ.