ಬೆಳಗಾದರೆ ಸೋರುವ ಬೈಕು

"ಅಲ್ಲೇ ನಿಲ್ಲು. ಒಂದು ಹೆಜ್ಜೆನೂ ಮುಂದೆ ಇಡಬೇಡ."

ಬೈಕು ತಳ್ಳಿಕೊಂಡು ಬರುತ್ತಿದ್ದ ರೆಪೆತಾ ಬೆಚ್ಚಿ ನಿಂತಳು. ಶೆಡ್ಡಿನೊಳಗೆ ವೆಲ್ಡಿಂಗ್ ಕಿಡಿಗಳು ಹಾರುತ್ತಿದ್ದವು. ವೆಲ್ಡಿಂಗ್ ಮಾಡುತ್ತಿದ್ದವನು ಮುಖಕ್ಕೆ ಹಿಡಿದಿದ್ದ ಗುರಾಣಿ ಎಸೆದು ಓಡಿಬಂದ. ಅವಳ ಕೈಯಿಂದ ಬೈಕು ಕಸಿದುಕೊಂಡು ರಸ್ತೆಯಾಚೆಯ ಮರಳಿಗೆ ಎಳೆದೊಯ್ದು ನಿಲ್ಲಿಸಿದ. ಅವಳು ಬಂದ ದಾರಿಯುದ್ದಕ್ಕೂ ಪೆಟ್ರೋಲಿನ ಹನಿಗಳು ಬಿದ್ದಿದ್ದವು.

"ನೀನು ಸಾಯೋಕೆ ಬಂದಿದೀಯೋ, ನನ್ನ ಸಾಯ್ಸೋಕೆ ಬಂದಿದೀಯೋ?"

"ರಿಪೇರಿ ಮಾಡ್ಸೋಕೆ ಬಂದಿದೀನಿ." ರೆಪೆತಾ ಗದ್ದ ಮೇಲೆತ್ತಿದಳು. "ಮೆಕ್ಯಾನಿಕ್ ಎನುವಾ ಅಂದ್ರೆ ನೀನೇನಾ? ಬಂದವರ ಮೇಲೆ ಹೀಗೆ ಹಾರಾಡ್ತೀಯ ಅಂತ ಯಾರೂ ಹೇಳ್ಲಿಲ್ಲ."

ಅವನು ಅವಳನ್ನು ಒಮ್ಮೆ ನೋಡಿದ. ನರ್ಸಿನ ಬಿಳಿ ಅಂಗಿ, ತಲೆಯ ಮೇಲೆ ಬಾಡತೊಡಗಿದ್ದ ಹೂವಿನ ದಂಡೆ, ಕೈತುಂಬ ಪೆಟ್ರೋಲು. ಕೋಪ ಅಲ್ಲೇ ಅರ್ಧ ಇಳಿಯಿತು.

"ಮಧ್ಯಾಹ್ನ ಬಾ. ನೋಡಿ ಇಟ್ಟಿರ್ತೀನಿ," ಎಂದ.

ಪೆಸಿಫಿಕ್ ಕಡಲಿನ ನಮ್ಮ ರಾರೊಟೊಂಗಾ ದ್ವೀಪದಲ್ಲಿ ಬೈಕಿಲ್ಲದವರಿಗೆ ಕಾಲಿಲ್ಲ ಎಂದೇ ಲೆಕ್ಕ. ಅದರಲ್ಲೂ ರೆಪೆತಾಳ ಕೆಲಸ ಹಳೆಯ ಒಳರಸ್ತೆಯಲ್ಲಿ, ಬಸ್ಸು ಕಾಲಿಡದ ಕಡೆ. ದಿನಾ ಬೆಳಗಾಗುವ ಹೊತ್ತಿಗೆ ಅಲ್ಲಿಯ ಸಕ್ಕರೆ ಕಾಯಿಲೆಯ ಮುದುಕರಿಗೆ ಅವಳು ಇನ್ಸುಲಿನ್ ಕೊಡಬೇಕು. ಅವಳು ಬರುವವರೆಗೆ ಅವರಲ್ಲೊಬ್ಬನಾದ ಪುನಾ ತಾತ ತಟ್ಟೆ ಮುಂದಿಟ್ಟುಕೊಂಡು ಕಾಯುತ್ತಾನೆ, ತಿನ್ನುವಂತಿಲ್ಲ. ಒಮ್ಮೆ ಅವಳು ತಡವಾಗಿ ಹೋದಾಗ ಮುದುಕ ಹಸಿವು ತಾಳದೆ ಡೋನಟ್ ತಿಂದು, ಸಂಜೆಗೆ ಆಸ್ಪತ್ರೆ ಸೇರಿದ್ದ. ಅಂದಿನಿಂದ ಅವಳಿಗೆ ಗಡಿಯಾರ ಕಂಡರೆ ಭಯ.

ಮಧ್ಯಾಹ್ನ ಹೋದಾಗ ಎನುವಾ ಕಾರ್ಬ್ಯುರೇಟರ್ ಬಿಚ್ಚಿ ತೋರಿಸಿದ.

"ನೋಡು, ಈ ಬಟ್ಟಲಲ್ಲಿ ಪೆಟ್ರೋಲ್ ತುಂಬುತ್ತೆ. ತುಂಬಿದ ಹಾಗೆ ಈ ತೇಲು ಮೇಲೆ ಬರುತ್ತೆ, ಈ ಸಣ್ಣ ಸೂಜಿ ಹೋಗಿ ದಾರಿ ಮುಚ್ಚುತ್ತೆ. ನೀರಿನ ತೊಟ್ಟಿಯಲ್ಲಿ ಚೆಂಡು ಇರಲ್ವಾ, ಹಾಗೆ. ಸೂಜಿ ಚೆನ್ನಾಗೇ ಇದೆ. ಅಡಿಯ ವಾಷರ್ ಒಣಗಿತ್ತು, ಹೊಸದು ಹಾಕಿದೀನಿ. ಇನ್ನು ಸೋರಲ್ಲ."

"ನಿಜವಾಗ್ಲೂ?"

"ನಾನು ಮುಟ್ಟಿದ ಬೈಕು ಸೋರಲ್ಲ."

ಜಂಬ ನೋಡು ಇವನದು... ಎಂದುಕೊಂಡಳು ರೆಪೆತಾ. ಆದರೂ ದಾರಿಯುದ್ದಕ್ಕೂ ಸುಮ್ಮಸುಮ್ಮನೆ ನಗು ಬರುತ್ತಿತ್ತು.

ಮರುದಿನ ಬೆಳಗ್ಗೆ ಟ್ಯಾಂಕಿನಡಿಯ ಪೆಟ್ರೋಲಿನ ನಲ್ಲಿ ತಿರುಗಿಸಿದಳೋ ಇಲ್ಲವೋ, ಟಪ್... ಟಪ್... ಟಪ್...

ನಲ್ಲಿ ಮುಚ್ಚಿದಳು, ಬಟ್ಟೆಯಿಂದ ಒರೆಸಿದಳು, ಕಾದಳು, ಮತ್ತೆ ತೆರೆದಳು. ಮತ್ತೆ ಟಪ್ ಟಪ್. ಸ್ವಲ್ಪ ಕೆಳಗೇ ಸೈಲೆನ್ಸರ್ ಇದೆ. ಕಾದ ಕಬ್ಬಿಣದ ಮೇಲೆ ಒಂದು ಹನಿ ಬಿದ್ದರೆ? ಲಂಗಕ್ಕೆ ಹತ್ತಿಕೊಂಡರೆ? ಆದರೆ ತಾತ ಕಾಯುತ್ತಿರುತ್ತಾನೆ... ದೇವರ ಹೆಸರು ಹೇಳಿಕೊಂಡು ಹೊರಟಳು. ಇಡೀ ದಾರಿ ಕಣ್ಣು ರಸ್ತೆಯ ಮೇಲಿರಲಿಲ್ಲ, ಕಾಲಿನ ಬಳಿ ಇತ್ತು.

ಕೆಲಸ ಮುಗಿಸಿ ಶೆಡ್ಡಿಗೆ ಬಂದಾಗ ಬಿಸಿಲು ನೆತ್ತಿಗೇರಿತ್ತು. ಎನುವಾ ನಲ್ಲಿ ತೆರೆದ. ಇಬ್ಬರೂ ಬಗ್ಗಿ ನೋಡಿದರು.

ಒಂದು ಹನಿಯೂ ಬೀಳಲಿಲ್ಲ.

"ಬೆಳಗ್ಗೆ ಸೋರ್ತಿತ್ತು. ಆಣೆ ಮಾಡ್ತೀನಿ."

"ಸೋರ್ತಿದ್ರೆ ಈಗ್ಲೂ ಸೋರಬೇಕಲ್ವಾ ಮಾರಾಯ್ತಿ?" ಎನುವಾ ನಕ್ಕ. ಅವಳಿಗೆ ಎಳನೀರು ಕೊಚ್ಚಿ ಕೊಟ್ಟು, ತೇಲಿನ ಮಟ್ಟ ಸರಿಮಾಡಿ ಕಳಿಸಿದ. ಮರುದಿನ ಬೆಳಗ್ಗೆ ಮತ್ತೆ ಸೋರಿತು. ಶೆಡ್ಡಿಗೆ ಬಂದರೆ ಮತ್ತೆ ಏನೂ ಇಲ್ಲ. ಹೊಸ ಸೂಜಿ ಹಾಕಿದ, ಆಮೇಲೂ ಅದೇ ಕಥೆ. ಹೀಗೇ ಎರಡು ವಾರ ಕಳೆಯಿತು. ಬೈಕು ರೆಪೆತಾಳನ್ನು ಸುಳ್ಳಿಯನ್ನಾಗಿ ಮಾಡಲು ಪಣ ತೊಟ್ಟಂತಿತ್ತು.

ನಮ್ಮ ಕಡಲ ರಸ್ತೆ ದ್ವೀಪ ಸುತ್ತಿ ಹೊರಟಲ್ಲಿಗೇ ಬಂದು ಸೇರುತ್ತದೆ. ಸುದ್ದಿಯೂ ಅಷ್ಟೇ. ಆ ವಾರ ಚರ್ಚಿನ ಹಜಾರದಲ್ಲಿ ಹೆಂಗಸರೆಲ್ಲ ಮದುವೆಯೊಂದಕ್ಕೆ ಹೂವಿನ ಚಿತ್ತಾರದ ಹೊದಿಕೆ ಹೊಲಿಯಲು ಕೂತಿದ್ದಾಗ, ರೆಪೆತಾಳ ದೊಡ್ಡಮ್ಮ ತುತಾಯ್ ಕನ್ನಡಕದ ಮೇಲಿಂದ ನೋಡಿದಳು. ತಾಯಿಯಿಲ್ಲದ ರೆಪೆತಾಳನ್ನು ಸಾಕಿದವಳು ಅವಳೇ.

"ಬೈಕಲ್ಲಿ ಏನೂ ಇಲ್ವಂತಲ್ಲೇ. ಎನುವಾನೇ ಅವರಮ್ಮನ ಹತ್ರ ಹೇಳಿದ್ನಂತೆ. ಹಾಗಾದ್ರೆ ಸೋರ್ತಿರೋದು ಏನು ಕಣೇ?"

"ಇನ್ನೇನು, ಹುಡುಗಿ ಮನಸ್ಸು," ಎಂದಳು ಇನ್ನೊಬ್ಬಳು. ಹಜಾರಕ್ಕೆ ಹಜಾರವೇ ಬಿದ್ದು ಬಿದ್ದು ನಕ್ಕಿತು.

ರೆಪೆತಾಳ ಮುಖ ಕೆಂಪೇರಿತು. ನಕ್ಕಿದ್ದಕ್ಕಲ್ಲ. ಅವನೇ ಹೇಳಿದನಂತೆ... ಅವನೇ! ತಾನು ದಿನಾ ಜೀವ ಕೈಯಲ್ಲಿ ಹಿಡಿದು ಹೋಗುತ್ತಿರುವುದು ಅವನಿಗೆ ನಾಟಕವಾಗಿ ಕಂಡಿತೇ? ಸೂಜಿ ಬಟ್ಟೆಗೆ ಚುಚ್ಚಿಟ್ಟು ಎದ್ದವಳು ನೇರ ಶೆಡ್ಡಿಗೆ ನಡೆದಳು.

"ನಾನು ಸುಳ್ಳು ಹೇಳ್ತೀನಿ ಅಂತ ನಿಮ್ಮಮ್ಮನ ಹತ್ರ ಹೇಳಿದ್ಯಾ?"

ಎನುವಾ ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟ. "ಬೈಕಲ್ಲಿ ಏನೂ ಸಿಗ್ತಿಲ್ಲ ಅಂದೆ. ಅಷ್ಟೇ ಅಂದಿದ್ದು."

"ಸರಿ, ಈಗ ನಂಗೆ ಹೇಳು. ಬೈಕು ಸೋರುತ್ತೆ ಅಂತ ನಂಬ್ತೀಯಾ, ಇಲ್ವಾ?"

ಅವನು ಕೆಳಗಿಟ್ಟ ಸ್ಪ್ಯಾನರನ್ನು ಮತ್ತೆ ಕೈಗೆತ್ತಿಕೊಂಡ. ಅವಳಿಗೆ ಅಷ್ಟೇ ಸಾಕಾಗಿತ್ತು.

"ಇನ್ನು ಈ ಕಡೆ ತಲೆ ಹಾಕಲ್ಲ ಬಿಡು. ಬೈಕು ಹೊತ್ತಿ ಉರಿದ ದಿನ ನಿಂಗೇ ಗೊತ್ತಾಗುತ್ತೆ."

ಆ ರಾತ್ರಿ ರೆಪೆತಾಳಿಗೆ ನಿದ್ದೆ ಹತ್ತಲಿಲ್ಲ. ಭಯ ಹೆಚ್ಚೋ, ಅವಮಾನ ಹೆಚ್ಚೋ? ಎರಡೂ ಅಲ್ಲ. ಅವನು ನಂಬಲಿಲ್ಲವಲ್ಲ ಎನ್ನುವುದೇ ಎದೆಯಲ್ಲಿ ಕೂತು ಕೊರೆಯುತ್ತಿತ್ತು. ಊರೆಲ್ಲ ನಗಲಿ. ಅವನೊಬ್ಬ ನಂಬಿದ್ದರೆ ಸಾಕಿತ್ತು...

ಬೆಳಕು ಹರಿಯುವ ಮೊದಲು ಎದ್ದಳು. ಜುಲೈ ಅಂದರೆ ನಮ್ಮಲ್ಲಿ ಚಳಿಗಾಲ, ಗಾಳಿ ದಕ್ಷಿಣದಿಂದ ಬೀಸುತ್ತಿತ್ತು. ಬಾಗಿಲು ತೆರೆದವಳೇ ಹೊಸ್ತಿಲಲ್ಲೇ ನಿಂತಳು. ನಮ್ಮ ದ್ವೀಪದ ರೂಢಿಯಂತೆ ಅಂಗಳದಲ್ಲೇ ಇರುವ ಅಜ್ಜಿಯ ಸಮಾಧಿಯ ಕಟ್ಟೆಯ ಮೇಲೆ ಯಾರೋ ಕಂಬಳಿ ಹೊದ್ದು ಕೂತಿದ್ದರು.

"ಕೂಗಬೇಡ, ನಾನು," ಎಂದ ಎನುವಾ.

"ಇಲ್ಲೇನು ಮಾಡ್ತಿದೀಯಾ? ಪ್ರಾರ್ಥನೆಗೆ ಹೋಗೋರು ನೋಡಿದ್ರೆ..."

"ಅದಕ್ಕೇ ಅಜ್ಜಿ ಹತ್ರ ಕೂತಿದೀನಿ. ಅಜ್ಜಿ ಕಾವಲಿದ್ದಾಗ ಯಾರೇನಂತಾರೆ?" ಅವನು ನಗಲು ನೋಡಿದ, ಹಲ್ಲು ಕಟಕಟಿಸಿತು. "ನಲ್ಲಿ ತಿರುಗ್ಸು. ನೋಡೋಣ."

ಅವಳು ನಲ್ಲಿಗೆ ಕೈ ಹಾಕಿದಳು. ಇಷ್ಟು ದಿನ ಸೋರದಿರಲಿ ಎಂದು ಬೇಡುತ್ತಿದ್ದವಳು ಇವತ್ತು, ದೇವರೇ, ಇವತ್ತೊಂದು ದಿನ ಸೋರಲಿ ಎಂದು ಬೇಡಿದಳು.

ಟಪ್... ಟಪ್... ಟಪ್...

ಎನುವಾ ಮೆಲ್ಲಗೆ ಕೈಚಾಚಿ ನಲ್ಲಿ ಮುಚ್ಚಿದ. ಸೈಲೆನ್ಸರನ್ನೊಮ್ಮೆ ಮುಟ್ಟಿದ. ಅವನ ಮುಖ ಬಿಳಿಚಿಕೊಂಡಿತ್ತು.

"ದಿನಾ ಇದ್ರ ಮೇಲೆ ಕೂತು ಹೋಗ್ತಿದ್ಯಾ?"

"ಹೇಳಿದ್ನಲ್ಲ."

"ಹೌದು, ನೀನು ಹೇಳಿದ್ದೆ." ಅವನು ತನ್ನ ಬೈಕಿನ ಕೀಲಿ ಅವಳ ಕೈಗಿಟ್ಟ. "ನಂದು ತಗೊಂಡು ಹೋಗು. ಮೊದಲು ಮುದುಕರನ್ನ ನೋಡ್ಕೊಂಡು ಬಾ. ನಾನು ಇಲ್ಲೇ ಇರ್ತೀನಿ."

ಅವಳು ಮರಳುವಾಗ ಸೂರ್ಯ ಗುಡ್ಡದ ಮೇಲೆ ಬಂದಿದ್ದ. ಎನುವಾ ಸಮಾಧಿಯ ನೆರಳಿನ ಬದಿಯಲ್ಲಿ ಕೂತು, ತಣ್ಣನೆಯ ಕಲ್ಲಿನ ಮೇಲಿಟ್ಟ ಕಾರ್ಬ್ಯುರೇಟರಿನ ಬಟ್ಟಲಿಗೆ ಬಿಸಿಲು ತಾಗದಂತೆ ಕೈ ಅಡ್ಡ ಹಿಡಿದಿದ್ದ.

"ಬೇಗ ಬಾ. ಕರಗಿಬಿಡುತ್ತೆ."

ಬಟ್ಟಲಲ್ಲಿ ಆ ಸಣ್ಣ ಸೂಜಿಯಿತ್ತು. ಅದರ ಮೈಗೆಲ್ಲ ಮೇಣದಂತೆ ಬೆಳ್ಳಗೆ ಏನೋ ಅಂಟಿಕೊಂಡಿತ್ತು. ಅವನು ಅದನ್ನು ಬೆರಳಲ್ಲಿ ತೆಗೆದು ಅವಳ ಮೂಗಿನ ಬಳಿ ಹಿಡಿದ.

"ಕೊಬ್ಬರಿ ಎಣ್ಣೆ?"

"ಹೂಂ. ಟ್ಯಾಂಕಿಗೆ ಏನಾದ್ರೂ ಹಾಕಿದ್ಯಾ?"

ರೆಪೆತಾ ತುಟಿ ಕಚ್ಚಿಕೊಂಡಳು. "ಉಪ್ಪುಗಾಳಿಗೆ ಒಳಗೆ ತುಕ್ಕು ಹಿಡೀತಿತ್ತು. ಅಜ್ಜಿ ಹೊಲಿಗೆ ಮೆಷಿನ್ನಿಗೂ ಅದನ್ನೇ ಹಾಕ್ತಿದ್ರು, ಬಾಗಿಲಿಗೂ ಅದೇ... ಅದಕ್ಕೇ ಟ್ಯಾಂಕಿನ ಒಳಗೂ ಒಂದಿಷ್ಟು..."

"ಒಂದಿಷ್ಟು ಅಂದ್ರೆ?"

"ಒಂದು ಬಾಟ್ಲಿ."

ಎನುವಾ ತಲೆ ಮೇಲೆ ಕೈಹೊತ್ತುಕೊಂಡ. "ರಾತ್ರಿ ಬಟ್ಟಲಲ್ಲಿರೋ ಪೆಟ್ರೋಲ್ ಆರುತ್ತೆ, ಎಣ್ಣೆ ಉಳಿಯುತ್ತೆ. ಚಳಿಗೆ ಗಟ್ಟಿಯಾಗಿ ಸೂಜಿ ಹಿಡ್ಕೊಳ್ಳುತ್ತೆ, ದಾರಿ ಮುಚ್ಚಲ್ಲ. ನೀನು ಶೆಡ್ಡಿಗೆ ಬರೋ ಹೊತ್ತಿಗೆ ಬಿಸಿಲಿಗೆ, ಎಂಜಿನ್ ಕಾವಿಗೆ ಎಲ್ಲ ಕರಗಿ ನೀರಾಗಿರುತ್ತೆ. ನಾನು ಹೊಸ ಸೂಜಿ ಹಾಕಿ ಏನು ಬಂತು?"

"ಅಂದ್ರೆ ನಾನು ಸುಳ್ಳು ಹೇಳ್ಲಿಲ್ಲ."

"ಇಲ್ಲ. ನಾನೇ ನಿನ್ನ ಹೊತ್ತಿಗೆ, ನೀನಿರೋ ಕಡೆ ಬಂದು ನೋಡಬೇಕಿತ್ತು." ಅವನು ತಲೆ ತಗ್ಗಿಸಿದ. "ಬರ್ಲಿಲ್ಲ ಯಾಕೆ ಗೊತ್ತಾ? ಬೈಕಲ್ಲಿ ಏನೂ ಸಿಗದೇ ಇದ್ದಾಗೆಲ್ಲ ನಂಗೆ ಖುಷಿ ಆಗ್ತಿತ್ತು. ನಾಳೆ ಮತ್ತೆ ಬರ್ತೀಯಲ್ಲ ಅಂತ. ನೀನೂ ಅದಕ್ಕೇ ಬರ್ತಿದೀಯ ಅಂತ ಅಂದ್ಕೊಂಡು ಬಿಟ್ಟಿದ್ದೆ, ಪೆದ್ದ ನಾನು."

ರೆಪೆತಾಳ ಕಣ್ಣು ತುಂಬಿ ಬಂತು. ಸಿಟ್ಟೂ ಬಂತು, ಇನ್ನೇನೋ ಬಂತು, ಯಾವುದು ಯಾವುದೆಂದು ಅವಳಿಗೇ ತಿಳಿಯಲಿಲ್ಲ.

"ನಾನು ಭಯದಲ್ಲಿ ದಿನಾ ಸಾಯ್ತಿದ್ದೆ. ನೀನು ಖುಷಿಪಡ್ತಿದ್ಯಾ?"

"ತಪ್ಪಾಯ್ತು. ಟ್ಯಾಂಕ್ ಪೂರ್ತಿ ತೊಳೆದು ಕೊಡ್ತೀನಿ. ಇನ್ನೆಂದೂ ಸೋರಲ್ಲ." ಆಮೇಲೆ ಧ್ವನಿ ಇಳಿಯಿತು. "ಇನ್ನು ನೀನು ಶೆಡ್ಡಿಗೆ ಬರೋ ಕೆಲ್ಸಾನೂ ಇರಲ್ಲ."

ಅಷ್ಟರಲ್ಲಿ ಪ್ರಾರ್ಥನೆ ಮುಗಿಸಿ ಬಂದ ತುತಾಯ್ ದೊಡ್ಡಮ್ಮ ಬೇಲಿಯ ಬಳಿ ನಿಂತುಬಿಟ್ಟಿದ್ದಳು. ಹಿಂದೆಯೇ ಚರ್ಚಿನ ಹೆಂಗಸರ ಎರಡು ಟೋಪಿಗಳು ಇಣುಕಿದವು. ರೆಪೆತಾ ನೋಡಿದಳು. ಅವರಿಗೆಲ್ಲ ಕೇಳುವಂತೆಯೇ ಮಾತಾಡಿದಳು.

"ಭಾನುವಾರ ಚರ್ಚ್ ಮುಗಿದ ಮೇಲೆ ಊಟಕ್ಕೆ ಬಾ. ಗೇಟಿಂದಾನೇ ಬಾ, ಎಲ್ಲರ ಮುಂದೆ."

ಎನುವಾ ಎದ್ದು ನಿಂತ. ಎಣ್ಣೆಗೈಯನ್ನು ಪ್ಯಾಂಟಿಗೆ ಒರೆಸಿಕೊಂಡ, ಮತ್ತೆ ಒರೆಸಿಕೊಂಡ.

"ಯಾರು ಅಂತ ಬರ್ಲಿ? ಮೆಕ್ಯಾನಿಕ್ ಅಂತಾನಾ?"

"ಭಾನುವಾರಕ್ಕೆ ಬೈಕು ಸರಿಹೋಗಿರುತ್ತಲ್ಲ," ಎಂದಳು ರೆಪೆತಾ, ಮೆಲ್ಲಗೆ. "ಮೆಕ್ಯಾನಿಕ್ ಯಾಕೆ ನಂಗೆ? ಬರೀ ಎನುವಾ ಆಗಿ ಬಾ."